ನೀಲಿ ಗೆರೆಯ ಕೊನೆಯ ಊರು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ನಾಲ್ಕು ಊರುಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಓದಿದವರನ್ನೆಲ್ಲ ಒಂದೆಡೆ ಕೂಡಿಸಿ, ನಿಮ್ಮ ಬೆರಳು ಹಿಡಿದು ಉಸುಕಿನ ಮೇಲೆ ಮೊದಲ ಅಕ್ಷರ ತೀಡಿಸಿದವರು ಯಾರು ಎಂದು ಕೇಳಿದರೆ, ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರನ್ನು ಹೇಳುವರು. ಆ ಶ್ರೀಮತಿ ಹುಸೇನಬಿ ಅಕ್ಕೋರು ಈ ೧೯೪೧ನೆಯ ಇಸವಿಯ ಮಾರ್ಚ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಮ್ಮ ಸೀಮೆಯಲ್ಲಿ ಶಾಲೆ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಎಂದೇ ಕರೆಯುವುದು ರೂಢಿ; ಆದರೆ ಹೆಸರು ಹೇಳದೆ ಬರೀ ‘ಅಕ್ಕೋರು’ ಎಂದರೆ ಹುಸೇನಬಿಯವರೇ ಎಂದು ತಿಳಿಯುವ ಮನೆಗಳು ಈ ನಾಲ್ಕೂ ಊರುಗಳಲ್ಲಿ ಬೇಕಾದಷ್ಟಿವೆ. ದೊಡ್ಡ ಪದವಿ ಅವರಿಗೆ ಎಂದೂ ಬರಲಿಲ್ಲ. ಸಹಾಯಕ ಶಿಕ್ಷಕಿಯಾಗಿ ಸೇರಿದರು, ಸಹಾಯಕ ಶಿಕ್ಷಕಿಯಾಗಿಯೇ ಹೊರಡುತ್ತಿದ್ದಾರೆ. ಹಾಗೇಕಾಯಿತು ಎಂಬುದನ್ನು ಅವರ ಈ ಸನ್ಮಾನ ಗ್ರಂಥದಲ್ಲಿ ಬೇರೆ ಯಾರೂ ಬರೆಯಲಾರರು, ಏಕೆಂದರೆ ಬೇರೆ ಯಾರಿಗೂ ಅದು ಗೊತ್ತಿಲ್ಲ.

ಗ್ರಂಥದ ಸಂಪಾದಕರಾದ ಶ್ರೀ ರಾಚಯ್ಯನವರು ಲೇಖನ ಕೇಳಿ ಬರೆದ ಪತ್ರದಲ್ಲಿ, “ತಾವು ಅಕ್ಕೋರ ಆ ಪ್ರಸಿದ್ಧ ಪ್ರಸಂಗದ ಹುಡುಗಿ, ತಮ್ಮ ಲೇಖನವಿಲ್ಲದೆ ಗ್ರಂಥಕ್ಕೆ ಕಳೆಯಿಲ್ಲ” ಎಂದು ಉಪಚಾರದ ಮಾತೊಂದನ್ನು ಸೇರಿಸಿದ್ದರು. ಪತ್ರವನ್ನು ಮಡಚಿ ಮೂರು ವಾರ ಪೆಟ್ಟಿಗೆಯಲ್ಲಿಟ್ಟೆ. ಸುಳ್ಳು ಹೇಳಿದ ಹುಡುಗಿಯರ ಕಿವಿಯನ್ನು ಇಪ್ಪತ್ತು ವರ್ಷ ಹಿಂಡಿದ ಕೈ ನನ್ನದು. ಅದೇ ಕೈಯಿಂದ ಆ ಪ್ರಸಂಗವನ್ನು ಎಲ್ಲರೂ ಬಲ್ಲ ಹಾಗೆ ಮತ್ತೊಮ್ಮೆ ಬರೆದು ಅಚ್ಚು ಹಾಕಿಸುವ ಧೈರ್ಯ ನನಗೆ ಆಗಲಿಲ್ಲ. ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ. ಸನ್ಮಾನದ ಗ್ರಂಥದಲ್ಲಿ ಇಂಥ ಮಾತು ಏಕೆಂದು ಯಾರಾದರೂ ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ, ಅದಕ್ಕೆ ನಾನು ತಕ್ಕವಳೇ.

ಅಕ್ಕೋರು ಹುಟ್ಟಿದ್ದು ಇಳಕಲ್ಲಿನಲ್ಲಿ, ೧೮೮೬ರಲ್ಲಿ. ತಂದೆ ಫಕ್ರುಸಾಬರು ನೇಕಾರರ ನೂಲಿಗೆ ಬಣ್ಣ ಹಾಕಿಕೊಡುವವರು. ಮೊಣಕೈತನಕ ನೀಲಿ ಹತ್ತಿದ ಅವರ ಕೈಗಳನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಓಣಿಯವರು ಆಡಿಕೊಂಡರೂ ಮಗಳನ್ನು ಕನ್ನಡ ಶಾಲೆಗೆ ಕಳಿಸಿ ನಾಲ್ಕನೆಯ ಇಯತ್ತೆ ಮುಗಿಯುವತನಕ ಓದಿಸಿದರು. ಹದಿನೈದಕ್ಕೆ ಲಗ್ನವಾಗಿ ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳನ್ನು, ೧೯೦೭ರಲ್ಲಿ, ಚಕ್ಕಡಿಯಲ್ಲಿ ಕೂಡಿಸಿಕೊಂಡು ಹುನಗುಂದಕ್ಕೆ ಬಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯರಾದ ಶಂಕ್ರಪ್ಪ ಮಾಸ್ತರರ ಮುಂದೆ ನಿಲ್ಲಿಸಿದರು. “ಮನ್ಯಾಗ ಮೂಲಿ ಹಿಡದು ಕುಂತಾಳ್ರಿ ಮಾಸ್ತರ. ಓದಾಕ ಬರಿಯಾಕ ಬರತೈತಿ. ಇಲ್ಲೆ ಏನರ ಕೆಲಸಕ್ಕ ಹಚ್ಚಿಕೊಳ್ರಿ” ಎಂದು ಕೇಳಿಕೊಂಡರಂತೆ. ಶಂಕ್ರಪ್ಪ ಮಾಸ್ತರರು ಅವರನ್ನು ಉಮೇದವಾರಳೆಂದು, ಎಂದರೆ ಪಗಾರವಿಲ್ಲದೆ ಕೆಲಸ ಕಲಿಯುವವಳೆಂದು, ಸೇರಿಸಿಕೊಂಡರು. ಅತ್ತೆಯೊಬ್ಬರ ಮನೆಯಲ್ಲಿ ಉಳಿಯುವ ಏರ್ಪಾಡಾಯಿತು.

ಉಮೇದವಾರಳ ಕೆಲಸಕ್ಕೆ ಮೇರೆ ಇರಲಿಲ್ಲ. ಶಾಲೆಯ ಕಸ ಗುಡಿಸುವುದು, ನೆಲ ಸಾರಿಸುವುದು, ಕೊಡ ತುಂಬಿಡುವುದು, ಸಣ್ಣ ಮಕ್ಕಳಿಗೆ ಉಸುಕಿನ ಹಲಗೆಯ ಮೇಲೆ ಅಕ್ಷರ ತಿದ್ದಿಸುವುದು, ಇವೆಲ್ಲಕ್ಕಿಂತ ಮೊದಲು ದಿನವೂ ಬೆಳಿಗ್ಗೆ ಮನೆಮನೆಯ ಬಾಗಿಲಿಗೆ ಹೋಗಿ ಹುಡುಗಿಯರನ್ನು ಕರೆದು ತರುವುದು. ಕರೆಯದಿದ್ದರೆ ಯಾರ ಮನೆಯ ಹುಡುಗಿಯೂ ಶಾಲೆಗೆ ಬರುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ಅಕ್ಕೋರು ಹೊಸ್ತಿಲಿನಿಂದ ನಾಲ್ಕು ಮೊಳ ದೂರ ನಿಂತು ಕೂಗುತ್ತಿದ್ದರು. ಅವರು ಹೋದ ಮೇಲೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅವರು ನಿಂತಿದ್ದ ಜಾಗಕ್ಕೆ ಒಂದು ತಂಬಿಗೆ ನೀರು ಚೆಲ್ಲುತ್ತಿದ್ದಳು. ತಿರುಗಿ ನೋಡಿದರೆ ಅಕ್ಕೋರಿಗೆ ಅದು ಕಾಣುತ್ತಿತ್ತು; ಅವರು ಎಂದೂ ತಿರುಗಿ ನೋಡಲಿಲ್ಲ. ಅವರ ಕೈಹಿಡಿದು ನಡೆಯುತ್ತಿದ್ದ ನಾನು ಮಾತ್ರ ತಿರುಗಿ ನೋಡುತ್ತಿದ್ದೆ.

ಆಯಿಗೆ ನನ್ನ ಓದು ಮೊದಲಿನಿಂದಲೂ ಬೇಡವಾಗಿತ್ತು. ಎಂಟನೆಯ ವರ್ಷಕ್ಕೆ ನನ್ನ ಲಗ್ನವಾಗಿತ್ತು. ದೊಡ್ಡವಳಾಗುವತನಕ ತವರಿನಲ್ಲಿರಲಿ ಎಂದು ಬಿಟ್ಟಿದ್ದರು, ಅಷ್ಟರೊಳಗೆ ನಾಲ್ಕಕ್ಷರ ಕಲಿಯಲಿ ಎಂದು ಅಪ್ಪನ ಹಟ. ಆಯಿ ಒಂದು ಕರಾರು ಹಾಕಿದ್ದಳು. ಒಂದು ದಿನ ಬಾಗಿಲಲ್ಲಿ ನಿಂತು, ಅಕ್ಕೋರಿಗೆ ಕೇಳುವ ಹಾಗೆ, “ಸಾಲ್ಯಾಗ ಈಕೀಗೆ ಯಾರರ ಒಂದು ಬೈದರು ಅಂತ ನನ್ನ ಕಿವಿಗೆ ಬೀಳ್ಲಿ, ಅವತ್ತ ಪಾಟಿ ಒಲಿಯಾಗ ಹಾಕ್ತೇನಿ” ಎಂದಿದ್ದಳು. ಅಕ್ಕೋರು “ಹಂಗ ಆಗಾಕ ಬಿಡೂದಿಲ್ರಿ ಅವ್ವಾರ” ಎಂದಷ್ಟೇ ಹೇಳಿ ನನ್ನನ್ನು ಕರೆದುಕೊಂಡು ಹೊರಟರು. ಈ ಮಾತನ್ನು ನಾನು ಮರುದಿನವೇ ಮರೆತೆ. ಅವರು ಮರೆಯಲಿಲ್ಲ ಎಂಬುದು ಈಗ ಒಂದು ತಿಂಗಳ ಹಿಂದೆ ನನಗೆ ತಿಳಿಯಿತು.

ಅವರ ಉಪಕಾರಗಳನ್ನು ಬರೆಯಹೊರಟರೆ ಬೇರೆ ಪುಸ್ತಕವೇ ಬೇಕು. ಮಳೆಗಾಲದಲ್ಲಿ ಹಳ್ಳಕ್ಕೆ ನೀರು ಬಂದಾಗ ಸಣ್ಣವರನ್ನು ಒಬ್ಬೊಬ್ಬರನ್ನಾಗಿ ಟೊಂಕದ ಮೇಲೆ ಕೂಡಿಸಿಕೊಂಡು ದಾಟಿಸುತ್ತಿದ್ದರು. ಒಂದು ಸಲ ಜಾಲಿಯ ಮುಳ್ಳಿಗೆ ಸಿಕ್ಕು ನನ್ನ ಹೊಸ ಪರಕಾರ, ಎಂದರೆ ಲಂಗ, ಹರಿದು ನಾನು ಅಳುತ್ತ ಕುಳಿತಾಗ, ತಮ್ಮ ಸೀರೆಯ ಸೆರಗಿನಿಂದ ಅದೇ ಬಣ್ಣದ ಎಳೆ ತೆಗೆದು, ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ಹೊಲಿದು ಕೊಟ್ಟರು. ಪಾಠದಲ್ಲಿ ಅವರದೊಂದು ಪದ್ಧತಿ ಇತ್ತು. ಪ್ರಶ್ನೆ ಕೇಳಿದ ಮೇಲೆ ಹುಡುಗಿ ಎಷ್ಟು ಹೊತ್ತು ಸುಮ್ಮನೆ ನಿಂತರೂ ಉತ್ತರವನ್ನು ತಾವಾಗಿ ಹೇಳಿಕೊಡುತ್ತಿರಲಿಲ್ಲ, ಬೇರೆಯವಳನ್ನೂ ಕೇಳುತ್ತಿರಲಿಲ್ಲ. ಕಾಯುತ್ತಿದ್ದರು. ನಮ್ಮ ವರ್ಗದಲ್ಲಿ ಹನಮಂತಪ್ಪನ ಮಗಳು ಸಕ್ರವ್ವ ಎಂಬವಳಿಗೆ ಮಾತು ತೊಡರುತ್ತಿತ್ತು. ಒಂದು ಶಬ್ದ ಹೊರಬರಲು ಬಾಯಿ ನಾಲ್ಕು ಸಲ ತೆರೆದು ಮುಚ್ಚಬೇಕಾಗುತ್ತಿತ್ತು. ನಾವು ಕಿಸಕ್ಕನೆ ನಗುತ್ತಿದ್ದೆವು. ಅಕ್ಕೋರು ನಮ್ಮ ಕಡೆಗೆ ನೋಡದೆ, ಅವಳ ಮುಖವನ್ನೇ ನೋಡುತ್ತ, ಆ ಶಬ್ದ ಬರುವತನಕ ನಿಲ್ಲುತ್ತಿದ್ದರು.

ಎರಡು ವರ್ಷ ಉಮೇದವಾರಿಕೆ ಮಾಡಿದ ಮೇಲೆ, ೧೯೦೯ರಲ್ಲಿ, ಸಹಾಯಕ ಶಿಕ್ಷಕಿಯ ಸರ್ಟಿಫಿಕೇಟಿನ ಪರೀಕ್ಷೆಗೆ ಕೂಡಲು ಅವರಿಗೆ ಅಪ್ಪಣೆ ಬಂತು. ಅದು ಸಿಕ್ಕರೆ ಪಗಾರದ ಜಾಗ, ಮುಂದೆ ಧಾರವಾಡಕ್ಕೆ ಟ್ರೇನಿಂಗಿಗೆ ಹೋಗುವ ದಾರಿ; ಸಿಗದಿದ್ದರೆ ಇಳಕಲ್ಲಿನ ಮನೆಯ ಮೂಲೆ. ಬರವಣಿಗೆಯಲ್ಲಿಯೂ ಹೊಲಿಗೆಯಲ್ಲಿಯೂ ಅವರು ತೇರ್ಗಡೆಯಾದರು. ಉಳಿದದ್ದು ಒಂದೇ ಭಾಗ: ತಪಾಸಣೆಗೆ ಬರುವ ಸಾಹೇಬರ ಮುಂದೆ ಒಂದು ವರ್ಗಕ್ಕೆ ಅರ್ಧ ತಾಸು ಪಾಠ ಮಾಡಿ ತೋರಿಸಬೇಕು.

ಅಕ್ಕೋರು ಆರಿಸಿಕೊಂಡ ಪಾಠ ನಮ್ಮ ಸೀಮೆಯ ಹೊಳೆಗಳು. ಶಾಲೆಯಲ್ಲಿ ನಕಾಶೆ ಇರಲಿಲ್ಲ. ಸಾರಿಸಿದ ನೆಲದ ಮೇಲೆ ರಂಗೋಲಿಯಿಂದ ಸೀಮೆಯ ಎಲ್ಲೆ ಬರೆದರು. ಅವರ ಮನೆಯಲ್ಲಿ ರಂಗೋಲಿಯ ಪದ್ಧತಿಯಿಲ್ಲ. ಸಕ್ರವ್ವನ ತಾಯಿಯಿಂದ ಎಂಟು ದಿನ ಕಲಿತು ಬಂದಿದ್ದರು. ತಂದೆಯ ಮನೆಯಿಂದ ನೀಲಿಯ ಪುಡಿ ತರಿಸಿ ಅದರಿಂದ ಹೊಳೆಗಳನ್ನು ಎಳೆದರು. ಪಡುವಣದಿಂದ ಬಂದು ಬಾದಾಮಿಯ ಸೀಮೆಯನ್ನು ಹಾಯ್ದು, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿಯುವ ಗೆರೆ ಮಲಪ್ರಭೆ. ಉತ್ತರದಿಂದ ಬರುವ ದಪ್ಪ ಗೆರೆ ಕೃಷ್ಣೆ. ಎರಡೂ ಗೆರೆಗಳು ಕೂಡುವ ಕಡೆಗೆ ಒಂದು ಹಿಡಿ ಜೋಳದ ಕಾಳು. ಹುಡುಗಿಯೊಬ್ಬಳು ಮಲಪ್ರಭೆಯ ದಂಡೆಗುಂಟ ನಡೆಯುತ್ತ, ಬಂದ ಊರಿಗೆಲ್ಲ ನಿಂತು ಹೆಸರು ಹೇಳುತ್ತ, ಕೊನೆಗೆ ಆ ಕಾಳಿನ ಜಾಗಕ್ಕೆ ಬಂದು ನಿಲ್ಲಬೇಕು. ನಕಾಶೆಯ ಮೇಲೆ ನಡೆಯುವ ಪಾಠವನ್ನು ಶಂಕ್ರಪ್ಪ ಮಾಸ್ತರರೂ ನೋಡಿರಲಿಲ್ಲ. “ಸಾಹೇಬರು ಕುರ್ಚಿ ಬಿಟ್ಟು ಏಳ್ತಾರ ನೋಡು” ಎಂದು ಅವರು ಆನಂದಪಟ್ಟರು.

ಹದಿನೈದು ದಿನ ತಾಲೀಮು ನಡೆಯಿತು. ನಡೆಯುವ ಹುಡುಗಿ ನಾನೇ. ವರ್ಗದಲ್ಲಿ ನಾನು ಮೊದಲಿನವಳು, ಮೊದಲಿನವಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರುಗಳ ಹೆಸರನ್ನು ಕಂಠ ಬಿಚ್ಚಿ ಕೂಗಿ ಹೇಳಿ, ಕೊನೆಯ ಊರಿನ ಹೆಸರಿಗೆ ಇನ್ನಷ್ಟು ದನಿ ಏರಿಸುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ಅಕ್ಕೋರು ಒಂದು ಬದಲಾವಣೆ ಮಾಡಿದರು. ದಂಡೆಗುಂಟ ಸಕ್ರವ್ವ ನಡೆಯಲಿ, ಅವಳಿಗೆ ಒಂದೊಂದು ಹೆಸರು ಹೇಳುವಷ್ಟು ರೂಢಿಯಾಗಿದೆ. ಬಸಲಿಂಗವ್ವ, ಎಂದರೆ ನಾನು, ಕೊನೆಗೆ ಕಾಳಿನ ಹತ್ತಿರ ನಿಲ್ಲಲಿ, ಕೊನೆಯ ಹೆಸರು ಅವಳು ಹೇಳಲಿ. “ಕೊನೀ ಊರು ತಪ್ಪಬಾರದವಾ, ಅದಕ್ಕ ನಿನ್ನ ಅಲ್ಲಿ ನಿಂದರ್ಸೀನಿ” ಎಂದು ನನ್ನ ತಲೆ ಸವರಿದರು. ಅದು ನನ್ನ ಮೇಲಿಟ್ಟ ಭರವಸೆ ಎಂದು ನನಗೆ ಹೊಳೆಯಲಿಲ್ಲ. ತೊದಲುವ ಸಕ್ರವ್ವನಿಗೆ ಹೊಳೆ ಪೂರ್ತಿ, ನನಗೆ ಒಂದು ಊರು ಎಂದಷ್ಟೇ ಕಂಡಿತು. ಆ ದಿನವೂ ತಾಲೀಮಿನಲ್ಲಿ ನನ್ನ ಹೆಸರನ್ನು, ಎಂದರೆ ನನ್ನ ಪಾಲಿನ ಊರಿನ ಹೆಸರನ್ನು, ಮತ್ತೆ ಮತ್ತೆ ಹೇಳಿದೆ. ಆದರೆ ಮನಸ್ಸು ಕುದಿಯುತ್ತಿತ್ತು.

ಮರುದಿನ ಸಾಹೇಬರು ಬಂದರು. ತಪಾಸಣೆಯವರೆಂದರೆ ನಮಗೆಲ್ಲ ನಡುಕ. ಆದರೆ ಅಂದು ಅವರು ನಕಾಶೆಯನ್ನು ಕಂಡು ನಿಜವಾಗಿಯೂ ಕುರ್ಚಿ ಬಿಟ್ಟು ಎದ್ದು ಬಂದು ನೋಡಿದರು. ಸಕ್ರವ್ವ ನಡೆಯತೊಡಗಿದಳು. ಪಟ್ಟದಕಲ್ಲಿಗೆ ಬಂದಾಗ ಅವಳ ಮಾತು ಸಿಕ್ಕಿಕೊಂಡಿತು. ಅಕ್ಕೋರು ಕಾದರು. ಸಾಹೇಬರು ಗಡಿಯಾರ ತೆಗೆದು ನೋಡಿದರು, ಅಕ್ಕೋರು ಆಗಲೂ ಕಾದರು. ಕೊನೆಗೆ ಹೆಸರು ಬಂತು, ಐಹೊಳೆ ತೊಡರದೆ ಬಂತು, ಸಾಹೇಬರು “ಶಾಬಾಸ” ಎಂದು ಅವಳ ಬೆನ್ನು ತಟ್ಟಿದರು. ಅಂಥ ಶಾಬಾಸಕಿ ಆ ಶಾಲೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ನನಗೂ ಸಿಕ್ಕಿರಲಿಲ್ಲ.

ಸಾಹೇಬರು ನನ್ನ ಕಡೆಗೆ ತಿರುಗಿ ತಾವೇ ಕೇಳಿದರು: “ಈ ಎರಡು ಹೊಳಿ ಕೂಡೂ ಊರು ಯಾವುದು?”

ನನಗೆ ಗೊತ್ತಿತ್ತು. ಹುನಗುಂದ ತಾಲೂಕಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಊರು ಅದು. ಹೆಸರು ನಾಲಗೆಯ ತುದಿಯಲ್ಲಿತ್ತು, ನಾನು ಬಾಯಿ ಬಿಗಿಹಿಡಿದು ನಿಂತೆ. ಸಾಹೇಬರು ಮತ್ತೆ ಕೇಳಿದರು. ಶಂಕ್ರಪ್ಪ ಮಾಸ್ತರರು ಹಿಂದಿನಿಂದ ಕಣ್ಣು ಸನ್ನೆ ಮಾಡಿದರು. ಇಡೀ ವರ್ಗ ನನ್ನನ್ನು ನೋಡುತ್ತಿತ್ತು. ಹೇಳದೆ ಇರುವುದರಲ್ಲಿ ಅಷ್ಟು ಬಲವಿದೆಯೆಂದು ನನಗೆ ಅಂದು ಮೊದಲ ಸಲ ತಿಳಿಯಿತು, ಮತ್ತು ಅದು ನನಗೆ ರುಚಿಸಿತು. ಇರುವುದು ಹೀಗೆಯೇ. ಸಾಹೇಬರ ಮುಖ ಕೆಂಪಾಯಿತು. “ಏನು ಹುಡುಗಿ, ಬಾಯಿ ಇಲ್ಲೇನು?” ಎಂದು ಅವರು ದನಿ ಏರಿಸಿದರು.

ಆಗ ಅಕ್ಕೋರು ಮುಂದೆ ಬಂದು ನನಗೂ ಸಾಹೇಬರಿಗೂ ನಡುವೆ ನಿಂತರು.

“ತಪ್ಪು ಹುಡುಗೀದಲ್ರಿ ಸಾಹೇಬ್ರ, ನಂದೈತ್ರಿ. ಈಕಿ ಲಗ್ನ ಆದಾಕಿ. ಆ ಊರ ಹೆಸರಿನ್ಯಾಗ ಈಕಿ ಗಂಡನ ಹೆಸರು ಬರತೈತ್ರಿ. ಗಂಡಸರ ಮುಂದ ಹೆಂಗ ಹೇಳ್ಯಾಳ್ರಿ? ಇದನ್ನ ನಾ ಮೊದಲ ಇಚಾರ ಮಾಡಬೇಕಿತ್ರಿ.”

ಹೌದು, ನನ್ನ ಗಂಡನ ಹೆಸರು ಸಂಗಪ್ಪ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಆ ಹೆಸರು ಬರುವ ಊರನ್ನೂ ಸುತ್ತುಬಳಸಿ ಹೇಳಬೇಕು ಎಂಬುದು ನಮ್ಮ ಮನೆಗಳ ಪದ್ಧತಿ. ಆದರೆ ಆ ಗಳಿಗೆಯಲ್ಲಿ ನನಗೆ ಗಂಡನ ನೆನಪೂ ಇರಲಿಲ್ಲ, ಪದ್ಧತಿಯ ನೆನಪೂ ಇರಲಿಲ್ಲ. ಹದಿನೈದು ದಿನ ಆ ಹೆಸರನ್ನು ಕೂಗಿದವಳು ನಾನು. ಅಕ್ಕೋರು ಕೊಟ್ಟ ಕಾರಣವನ್ನು ಕೇಳಿದ ಕೂಡಲೇ ತಲೆ ತಗ್ಗಿಸಿದೆ, ಸೆರಗಿಲ್ಲದಿದ್ದರೂ ಸೆರಗು ಎಳೆದುಕೊಳ್ಳುವ ಹಾಗೆ ಕೈ ಆಡಿಸಿದೆ. ಒಂಬತ್ತು ವರ್ಷಕ್ಕೆ ನಾಟಕ ಬಂದುಬಿಟ್ಟಿತ್ತು.

ಸಾಹೇಬರ ಸಿಟ್ಟು ನನ್ನ ಮೇಲಿಂದ ಇಳಿದು ಅಕ್ಕೋರ ಮೇಲೆ ಏರಿತು. “ಹುಡುಗಿ ಬಾಯಿಂದ ಬರಲಾರದ ಉತ್ತರದ ಮ್ಯಾಲ ಪಾಠ ನಿಂದರ್ಸೂದು ಎಂಥ ಕಲಸೂದು, ಹುಸೇನಬಿ?” ಎಂದರು. ಹದಿನೈದು ದಿನಕ್ಕೆ ಬಂದ ಕಾಗದದಲ್ಲಿ, ತಮ್ಮ ವರ್ಗದ ಮಕ್ಕಳ ಸ್ಥಿತಿಗತಿ ಅರಿಯದೆ ಪಾಠ ಹೂಡಿದ್ದಾರೆ, ಸರ್ಟಿಫಿಕೇಟು ಕೊಡಬರುವುದಿಲ್ಲ ಎಂದಿತ್ತು. ಶಂಕ್ರಪ್ಪ ಮಾಸ್ತರರು ಆ ಕಾಗದ ಹಿಡಿದು ಅಕ್ಕೋರನ್ನು ಕೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. “ಇನ್ನೊಂದು ಹುಡುಗೀನ್ನ ಕೇಳಿದ್ರ ಮುಗದಹೋಗ್ತಿತ್ತಲ್ಲವಾ. ಮೈಮ್ಯಾಲ ಯಾಕ ಎಳಕೊಂಡಿ?” ಎಂದರು ಅವರು. ಅಕ್ಕೋರು ಏನು ಹೇಳಿದರೋ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ನಿಲ್ಲಲೂ ಇಲ್ಲ.

ನನಗೇನಾಯಿತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾಚಿಕೆ ಪೂರ್ತಿಯಾಗುವುದಿಲ್ಲ. ನನಗೆ ಹೆಸರು ಬಂತು. ಸಾಹೇಬನ ಮುಂದೆಯೂ ಗಂಡನ ಹೆಸರೆತ್ತದ ಹುಡುಗಿ ಎಂದು ಊರೆಲ್ಲ ಕೊಂಡಾಡಿತು. ಪಾಟಿ ಒಲೆಗೆ ಹಾಕುವೆನೆಂದಿದ್ದ ಆಯಿ, “ಇಂಥಾಕಿ ಎಷ್ಟರ ಕಲೀಲಿ, ಕೆಡೂದಿಲ್ಲ” ಎಂದು ತಾನೇ ನನ್ನ ಓದಿನ ಪರ ನಿಂತಳು. ಬೀಗರ ಮನೆಯಿಂದ ಅತ್ತೆ ಬಂದು ಇಳಕಲ್ಲಿನ ಪುಟ್ಟ ಸೀರೆ ಉಡಿಸಿ ಉಡಿ ತುಂಬಿದರು. ಆ ಸೀರೆಯ ನೂಲಿಗೆ ಬಣ್ಣ ಹಾಕಿದವರು ಯಾರಿರಬಹುದೆಂದು ನಾನು ಆಗ ಯೋಚಿಸಲಿಲ್ಲ, ಆಮೇಲೆ ಬಹಳ ಯೋಚಿಸಿದ್ದೇನೆ.

ಅಕ್ಕೋರು ಇನ್ನೂ ಮೂರು ವರ್ಷ ಉಮೇದವಾರಳಾಗಿಯೇ ಉಳಿದರು. ಸಂಜೆ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ದಿನ ಕಳೆದರು. ಬೆಳಿಗ್ಗೆ ಮತ್ತೆ ಅದೇ ಬಾಗಿಲುಗಳು. ಆಯಿಯ ತಂಬಿಗೆಯ ನೀರು ಮಾತ್ರ ಕ್ರಮೇಣ ನಿಂತಿತು. ೧೯೧೨ರಲ್ಲಿ ಬಾಗಲಕೋಟೆಯಲ್ಲಿ ಬೇರೆ ಸಾಹೇಬರ ಮುಂದೆ ಅದೇ ಪಾಠವನ್ನು, ಅದೇ ನೀಲಿ ಗೆರೆಗಳಿಂದ ಮಾಡಿ ಸರ್ಟಿಫಿಕೇಟು ಪಡೆದರು. ಆ ವೇಳೆಗೆ ಅವರಿಗೆ ಇಪ್ಪತ್ತಾರು. ಇಪ್ಪತ್ತೈದು ದಾಟಿದವರಿಗೆ ಟ್ರೇನಿಂಗಿನ ಬಾಗಿಲು ಆಗ ಮುಚ್ಚಿತ್ತು, ಟ್ರೇನಿಂಗಿಲ್ಲದವರಿಗೆ ಮುಖ್ಯಾಧ್ಯಾಪಿಕೆಯ ಜಾಗವಿರಲಿಲ್ಲ. ಒಂದು ವರ್ಷ ಮೊದಲು ಸಿಕ್ಕಿದ್ದರೂ ಅವರ ಬಾಳು ಬೇರೆಯಾಗುತ್ತಿತ್ತು ಎಂಬ ಲೆಕ್ಕವನ್ನು ನಾನು ನೂರು ಸಲ ಮಾಡಿದ್ದೇನೆ. ಪ್ರತಿ ಸಲವೂ ಉತ್ತರ ಅದೇ ಬರುತ್ತದೆ.

ಬಾಗಲಕೋಟೆಯಲ್ಲಿ ಸೇವೆಗೆ ಸೇರಿದ ದಿನದಿಂದ ಅವರು ಒಂದು ವಹಿ ಇಟ್ಟರು. ಹೊಸದಾಗಿ ಶಾಲೆಗೆ ಬಂದ ಪ್ರತಿ ಹುಡುಗಿಯ ಮನೆಗೆ ಹೋಗಿ, ಲಗ್ನವಾಗಿದ್ದರೆ ಗಂಡ, ಅತ್ತೆ, ಮಾವಂದಿರ ಹೆಸರುಗಳನ್ನು ಕೇಳಿ ಬರೆದುಕೊಳ್ಳುವರು. ಪಾಠದಲ್ಲಿ ಆ ಹುಡುಗಿಗೆ ಆ ಹೆಸರು ಬರುವ ಪ್ರಶ್ನೆ ಕೇಳದಂತೆ ನೋಡಿಕೊಳ್ಳುವರು. ಆ ವಹಿಯಿಂದ ಎಷ್ಟೋ ಹುಡುಗಿಯರ ಸಂಕಟ ತಪ್ಪಿತು. ಅವರ ಈ ಪದ್ಧತಿಯನ್ನು ಈ ಗ್ರಂಥದಲ್ಲಿಯೇ ಮೂವರು ಹೊಗಳಿದ್ದಾರೆಂದು ರಾಚಯ್ಯನವರು ತಿಳಿಸಿದ್ದಾರೆ. ಅದಕ್ಕೆ ಮೂಲವಾದ ಪ್ರಸಂಗವನ್ನು ಅಕ್ಕೋರು ಹೊಸ ಶಿಕ್ಷಕಿಯರಿಗೆಲ್ಲ ತಪ್ಪದೆ ಹೇಳುತ್ತಿದ್ದರು. “ಮಕ್ಕಳ ಮನಿ ತಿಳಕೊಳ್ಳದ ಪಾಠ ಮಾಡಬ್ಯಾಡ್ರಿ. ನಾ ಮಾಡಿ ಕೆಟ್ಟೇನಿ” ಎಂದು ಮುಗಿಸುತ್ತಿದ್ದರು.

ನಾನು ಓದಿದೆ. ನನ್ನ ಯಜಮಾನರು ಉದಾರಿಗಳು, ಟ್ರೇನಿಂಗಿಗೆ ಧಾರವಾಡಕ್ಕೂ ಕಳಿಸಿದರು. ೧೯೨೭ರಲ್ಲಿ ನಾನು ಬಾದಾಮಿಯ ಹೆಣ್ಣುಮಕ್ಕಳ ಶಾಲೆಗೆ ಮುಖ್ಯಾಧ್ಯಾಪಿಕೆಯಾಗಿ ಹೋದಾಗ ಅಲ್ಲಿ ಸಹಾಯಕ ಶಿಕ್ಷಕಿಯಾಗಿ ಇದ್ದವರು ಹುಸೇನಬಿ ಅಕ್ಕೋರು. ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಅವರು ಎದ್ದು ನಿಂತರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

“ಅಕ್ಕೋರ, ನೀವು ಏಳಬ್ಯಾಡ್ರಿ, ಕುಂಡ್ರಿ” ಎಂದೆ.

“ಸಾಲ್ಯಾಗ ನೀವು ದೊಡ್ಡವರ್ರಿ ಬಾಯಾರ. ಹೊರಗ ಬಂದಾಗ ಬೇಕಾದ್ರ ನೀ ಬಸಲಿಂಗಿ” ಎಂದು ನಕ್ಕರು.

ಆರು ವರ್ಷ ಹಾಗೆ ಕಳೆಯಿತು. ನಾನು ಕುರ್ಚಿಯಲ್ಲಿ, ಅವರು ಸಣ್ಣ ಮಕ್ಕಳ ನಡುವೆ ಚಾಪೆಯ ಮೇಲೆ. ಹೊಸ ಶಿಕ್ಷಕಿಯರಿಗೆ ಆ ಕಥೆ ಹೇಳುವಾಗ ನಾನೂ ಅಲ್ಲಿರುತ್ತಿದ್ದೆ. “ಆ ಹುಡುಗಿ ಇವರ ನೋಡ್ರಿ” ಎಂದು ಅವರು ನನ್ನ ಕಡೆಗೆ ಕೈ ಮಾಡುವರು, ಶಿಕ್ಷಕಿಯರು ನನ್ನನ್ನು ಆದರದಿಂದ ನೋಡುವರು, ನಾನು ಮುಗುಳ್ನಗುವೆನು. ಕಥೆ ಮುಗಿದ ಮೇಲೆ ಅಕ್ಕೋರು ಒಂದು ಗಳಿಗೆ ಸುಮ್ಮನೆ ನನ್ನ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದರು. ಅದು ಅವರ ಮಮತೆ ಎಂದುಕೊಂಡಿದ್ದೆ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಪ್ರತಿ ಸಲ ಮುಂದೆ ಹಾಕಿದೆ. ಅವರಿಗೆ ಬೇರೆ ಊರಿಗೆ ವರ್ಗವಾದ ದಿನ ನನಗೆ ದುಃಖಕ್ಕಿಂತ ಹೆಚ್ಚಾಗಿ ಹಗುರವೆನ್ನಿಸಿತು. ಇದಕ್ಕಿಂತ ಸಣ್ಣತನ ಬೇರೆ ಇರಲಾರದು.

ರಾಚಯ್ಯನವರ ಪತ್ರ ಬಂದ ಮೇಲೆ, ಕಳೆದ ತಿಂಗಳು ಒಂದು ರವಿವಾರ, ನಾನು ಇಳಕಲ್ಲಿಗೆ ಹೋದೆ. ಹೊರಡುವ ಮುನ್ನ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಮೂವತ್ತೆರಡು ವರ್ಷ ಆ ಪ್ರಸಂಗದ ಬಲದಿಂದ ಗೆಳೆಯರ ಎದುರು ಮೀಸೆ ತಿರುವಿದವರು ಅವರು. ಆದರೂ “ಹೋಗಿ ಬಾ. ಆಮ್ಯಾಲ ಬರಿ” ಎಂದರು.

ಅಕ್ಕೋರು ತಂದೆಯ ಹಳೆಯ ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳ ಪಾಟಿ ತಿದ್ದುತ್ತ ಕುಳಿತಿದ್ದರು. ನಾನು ಎದುರಿಗೆ ನೆಲದ ಮೇಲೆ ಕುಳಿತು, ತಲೆ ಎತ್ತದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಪಾಟಿ ತಿದ್ದುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಕೈಯಲ್ಲಿದ್ದ ಪಾಟಿಯನ್ನು ಆ ಮಗುವಿಗೆ ಕೊಟ್ಟು ಕಳಿಸಿದರು.

“ಹಿಂದಿನ ದಿನ ನೀ ಐದು ಸಲ ಹೇಳಿದ್ದಿ ಆ ಹೆಸರು, ಶಂಕ್ರಪ್ಪ ಮಾಸ್ತರ ಮುಂದನ. ಅವರು ಗಂಡಸರಲ್ಲೇನು? ನನಗ ಕಿವಿ ಇರಲಿಲ್ಲೇನು?” ಎಂದರು.

ನಾನು ತಲೆ ಎತ್ತಿದೆ.

“ನಾಚಿದ ಹುಡುಗಿ ನೆಲಾ ನೋಡತಾಳ. ನೀ ಸಕ್ರವ್ವನ ನೋಡಾಕತ್ತಿದ್ದಿ.”

“ಗೊತ್ತಿದ್ದೂ ಸಾಹೇಬರಿಗೆ ಯಾಕ ಹಂಗ ಹೇಳಿದ್ರಿ, ಅಕ್ಕೋರ?”

“ಮತ್ತೇನು ಮಾಡ್ಲಿ? ಆ ಸಾಹೇಬ ನಿನಗ ಬೈಯಾಕ ಬಾಯಿ ತಗದಿದ್ದ. ಇನ್ನೊಂದು ಮಾತು ಅಂದಿದ್ರ ಸಂಜೀಗೆ ನಿಮ್ಮ ಆಯಿ ಕಿವಿಗೆ ಬೀಳತಿತ್ತು. ಮರುದಿನ ನಿನ್ನ ಪಾಟಿ ಒಲಿಯಾಗ. ಆಗಾಕ ಬಿಡೂದಿಲ್ಲ ಅಂತ ಆಕೀಗೆ ಮಾತು ಕೊಟ್ಟಿದ್ದೆ ನಾ.” ಮುಂದಿನ ಪಾಟಿ ಕೈಗೆ ತೆಗೆದುಕೊಂಡು ಹೇಳಿದರು: “ಸರ್ಟಿಫಿಕೇಟು ನನಗ ಮತ್ತ ಸಿಗತಿತ್ತು. ಸಾಲಿ ನಿನಗ ಮತ್ತ ಸಿಗತಿರಲಿಲ್ಲ.”

ನಾನು ಓದಿದ್ದು, ಟ್ರೇನಿಂಗಿಗೆ ಹೋದದ್ದು, ಕುರ್ಚಿಯಲ್ಲಿ ಕುಳಿತದ್ದು, ಅವರು ನನ್ನೆದುರು ಎದ್ದು ನಿಂತದ್ದು ಎಲ್ಲವೂ ಆ ಒಂದು ಗಳಿಗೆಯಲ್ಲಿ ಅವರು ನನಗೆ ಕೊಟ್ಟದ್ದೆಂದು, ತಿಳಿದೇ ಕೊಟ್ಟದ್ದೆಂದು, ಅಂದು ಗೊತ್ತಾಯಿತು. ಅಲ್ಲಿಯವರೆಗೆ ನನ್ನ ನಾಚಿಕೆಗೆ ಒಂದು ಅಳತೆ ಇತ್ತು. ಈಗ ಅದೂ ಇಲ್ಲ. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

“ಇಷ್ಟು ವರ್ಷ ಒಂದು ಸಲನೂ ನನ್ನ ಕೇಳಲಿಲ್ಲಲ್ರಿ” ಎಂದೆ.

“ಕೇಳಿದ್ದು ಸಾಹೇಬ್ರು. ಉತ್ತರ ಬರೂತನಕ ಕಾಯೂದು ನನ್ನ ಕೆಲಸ” ಎಂದರು. “ಬಾದಾಮ್ಯಾಗ ಪ್ರತಿ ಸಲ ಆ ಕಥಿ ಮುಗಿಸಿ ನಿನ್ನ ಮಾರಿ ನೋಡತಿದ್ದೆ. ಇವತ್ತ ಹೇಳ್ತಾಳ ಅಂತ. ಸಕ್ರವ್ವ ಪಟ್ಟದಕಲ್ಲಿಗೆ ಇಷ್ಟು ತಡಾ ಮಾಡಲಿಲ್ಲ ನೋಡು.”

ಗ್ರಂಥದಲ್ಲಿ ಇದನ್ನೆಲ್ಲ ಬರೆಯಲು ಅಪ್ಪಣೆ ಕೇಳಿದಾಗ ಮೊದಲು ಬೇಡವೆಂದರು. ಹೊಗಳಿಕೆಯನ್ನು ಸುಳ್ಳಿನ ಮೇಲೆ ನಿಲ್ಲಿಸಲಾರೆನೆಂದು ನಾನು ಹಟ ಹಿಡಿದ ಮೇಲೆ, “ಸಕ್ರವ್ವಗ ಶಾಬಾಸಕಿ ಸಿಕ್ಕಿದ್ದನ್ನ ಬಿಡಬ್ಯಾಡ ಹಂಗಾರ, ಬರಿ” ಎಂದು ಒಪ್ಪಿದರು. ಸಕ್ರವ್ವ ಈಗ ತುಳಸಿಗೇರಿಯಲ್ಲಿದ್ದಾಳೆ. ಅವಳಿಗೂ ಈ ಲೇಖನವನ್ನು ಓದಿ ಹೇಳಿಸಬೇಕೆಂದಿದ್ದೇನೆ.

ಹುಸೇನಬಿ ಅಕ್ಕೋರಿಗೆ ದೇವರು ನೂರು ವರ್ಷದ ಆಯುಷ್ಯವನ್ನೂ ಕಣ್ಣಿನ ಬೆಳಕನ್ನೂ ಕೊಡಲಿ. ಇಳಕಲ್ಲಿನ ಆ ಪಡಸಾಲೆಯಲ್ಲಿ ಪಾಟಿ ತಿದ್ದಿಸಿಕೊಳ್ಳುವ ಮಕ್ಕಳ ಸಾಲು ಎಂದೂ ಕರಗದಿರಲಿ. ಆ ವಹಿಯಲ್ಲಿ ಇನ್ನೂ ಅನೇಕ ಹುಡುಗಿಯರ ಮನೆಯ ಹೆಸರುಗಳು ಸೇರಲಿ. ಅವರಿಗೆ ಸಲ್ಲಬೇಕಾಗಿದ್ದ ಪದವಿಯನ್ನು ಮರಳಿಸುವ ಶಕ್ತಿ ನನಗಿಲ್ಲ, ಯಾರಿಗೂ ಇಲ್ಲ. ಕ್ಷಮೆಯನ್ನು ನಾನು ಕೇಳಲಿಲ್ಲ, ಕೇಳಿದರೆ ಅವರು ಕೊಟ್ಟುಬಿಡುತ್ತಾರೆ ಎಂಬ ಅಂಜಿಕೆಯಿಂದ. ನನ್ನ ಕೈಯಲ್ಲಿರುವುದು ಒಂದು ಉತ್ತರ ಮಾತ್ರ. ಸನ್ಮಾನದ ದಿನ ಹುನಗುಂದದ ಅದೇ ಶಾಲೆಯ ನೆಲದ ಮೇಲೆ ಅಕ್ಕೋರು ಮತ್ತೆ ನೀಲಿ ಗೆರೆ ಎಳೆಯಲು ಒಪ್ಪಿದ್ದಾರೆ. ಸಕ್ರವ್ವ ದಂಡೆಗುಂಟ ನಡೆಯಲಿ. ನಾನು ಕಾಳಿನ ಹತ್ತಿರ ನಿಲ್ಲುತ್ತೇನೆ, ನನ್ನ ಯಜಮಾನರೂ ಸಭೆಯಲ್ಲಿ ಇರುತ್ತಾರೆ. ಅಲ್ಲಿಯತನಕ ಕಾಯದೆ ಇಲ್ಲಿಯೇ ಬರೆದಿಡುತ್ತೇನೆ, ಅಕ್ಕೋರೇ: ಆ ಎರಡು ಹೊಳೆ ಕೂಡುವ ಊರು ಕೂಡಲಸಂಗಮ.